ಮುದುಕರಿಗೆ ಮನಸ್ಸಿಲ್ಲವಂತೆ

ವ್ಯಾಯಾಮದ ಆ್ಯಪ್ ಬಳಸಲು ಹಿರಿಯರಿಗೆ ಮನಸ್ಸಿಲ್ಲವಂತೆ. ಹೀಗೊಂದು ಗೋಳು ಎಲ್ಲೆಡೆ ಕೇಳುತ್ತಿದೆ. ಗೋಳಾಡುತ್ತಿರುವವರು ಹಿರಿಯರಲ್ಲ. ಆ್ಯಪ್ ಮಾಡಿದವರು, ಆ್ಯಪ್ ಉದ್ಘಾಟಿಸಿದವರು, ಅಪ್ಪನ ಫೋನಿಗೆ ಆ್ಯಪ್ ಹಾಕಿಕೊಟ್ಟು ಮರುದಿನ ವಿಮಾನ ಹತ್ತಿದವರು.

ಮನಸ್ಸನ್ನು ಅಳೆಯಲು ಪ್ರಶ್ನಾವಳಿಗಳಿವೆ. ‘ಈ ತಂತ್ರಾಂಶ ನನಗೆ ಉಪಯುಕ್ತ ಅನಿಸುತ್ತದೆ.’ ಒಂದರಿಂದ ಐದರೊಳಗೆ ಅಂಕ ಕೊಡಿ. ‘ಇದನ್ನು ಬಳಸುವುದು ಸುಲಭ ಅನಿಸುತ್ತದೆ.’ ಮತ್ತೆ ಅಂಕ ಕೊಡಿ. ಈ ಬಗೆಯ ಪ್ರಶ್ನೆಗಳ ಮೂಲ, 1989ರಲ್ಲಿ ಫ್ರೆಡ್ ಡೇವಿಸ್ ಎಂಬ ಅಮೆರಿಕದ ವಿದ್ವಾಂಸರು ಪ್ರಕಟಿಸಿದ ಲೇಖನ. ಅವರು ಮೊದಲು ಕೇಳಿದ್ದು ಟೊರೊಂಟೊದ ಐಬಿಎಂ ಪ್ರಯೋಗಾಲಯದ ನೌಕರರನ್ನು. ಕೇಳಿದ್ದು ಕಚೇರಿಯ ಇ-ಮೇಲ್ ಬಗ್ಗೆ. ಆ ನೌಕರರ ಅಳತೆಗೆ ಹೊಲಿದ ಅಂಗಿಯನ್ನು ಈಗ ತಿರುನೆಲ್ಲಿಯ ಅಜ್ಜಿಗೆ ತೊಡಿಸಿ, ಅಜ್ಜಿಯ ಮೈಯೇ ಸರಿಯಿಲ್ಲ ಅನ್ನುತ್ತಿದ್ದೇವೆ.

ವಯನಾಡಿನ ತಿರುನೆಲ್ಲಿಯೇ ಯಾಕೆ ಅಂದಿರಾ? ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ದಾಟಿ, ಮುತ್ತಂಗದ ಚೆಕ್‌ಪೋಸ್ಟ್‌ನಲ್ಲಿ ಇಳಿದರೆ ಕೇರಳದ ವಯನಾಡು. ಬೆಂಗಳೂರಿನ ಆ್ಯಪ್ ಎಂಜಿನಿಯರುಗಳು ಶುಕ್ರವಾರ ಸಂಜೆ ಹೊರಡುವುದು ಅಲ್ಲಿಗೇ. ಮುದಿತನ ಮತ್ತು ಡಿಜಿಟಲ್ ಎರಡನ್ನೂ ಒಟ್ಟಿಗೆ ನೋಡಲು ಕೇರಳಕ್ಕಿಂತ ಒಳ್ಳೆಯ ಜಾಗ ದೇಶದಲ್ಲಿಲ್ಲ. 2011ರ ಜನಗಣತಿಯಲ್ಲೇ ಕೇರಳದ ಶೇ 12.6ರಷ್ಟು ಜನ ಅರವತ್ತು ದಾಟಿದ್ದರು. 2021ಕ್ಕೆ ಅದು ಶೇ 16.5 ಆಗುತ್ತದೆಂದು ಕೇಂದ್ರದ ತಜ್ಞರ ಸಮಿತಿಯೇ ಲೆಕ್ಕ ಹಾಕಿತ್ತು. ದೇಶದಲ್ಲಿ ಮೊದಲ ಸ್ಥಾನ.

2025ರ ಆಗಸ್ಟ್ 21ರಂದು ಕೇರಳ ತನ್ನನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯ ಎಂದು ಘೋಷಿಸಿಕೊಂಡಿತು. ಸುಮಾರು 21.87 ಲಕ್ಷ ಜನರಿಗೆ ಫೋನು ಹಿಡಿಯುವುದು ಕಲಿಸಿದರಂತೆ. ಪೆರುಂಬಾವೂರಿನ 105 ವರ್ಷದ ಹಿರಿಯರೊಬ್ಬರೂ ಕಲಿತರು. ಪತ್ರಿಕೆಗಳಲ್ಲಿ ಅವರ ಚಿತ್ರ ಬಂತು, ಮುಖ್ಯಮಂತ್ರಿಗಳ ಭಾಷಣ ಬಂತು.

ಸಂತೋಷ. ಹಾಗಾದರೆ ‘ಮುದುಕರಿಗೆ ಫೋನು ಬರೋದಿಲ್ಲ’ ಎಂಬ ಸಬೂಬು ಅವತ್ತಿಗೆ ಸತ್ತಿತು. ಆದರೂ ವ್ಯಾಯಾಮದ ಆ್ಯಪ್ ಮುಟ್ಟಲು ಮನಸ್ಸಿಲ್ಲವಂತೆ. ಯಾಕಿರಬಹುದು?

ಮೊದಲು ಒಂದು ಮಾತು ಇತ್ಯರ್ಥವಾಗಲಿ. ಈ ದೇಶದಲ್ಲಿ ಮುದುಕರ ಮನಸ್ಸನ್ನು ಕೇಳುವ ಆ್ಯಪ್ ಇದೊಂದೇ. ಮಿಕ್ಕ ಯಾವ ಆ್ಯಪ್ ಕೇಳಿತ್ತು?

ನರೇಗಾ ನೋಡಿ. ಕೇರಳದಲ್ಲಿ ಈ ಕೆಲಸಕ್ಕೆ ಬರುತ್ತಿದ್ದ ಹತ್ತು ಜನರಲ್ಲಿ ಒಂಬತ್ತು ಮಂದಿ ಹೆಂಗಸರು. ಅರವತ್ತು ದಾಟಿದವರು ಅವರಲ್ಲಿ ಬಹಳ. ಗುದ್ದಲಿ ಹಿಡಿದು ತೋಡಿನ ಹೂಳು ಎತ್ತುವವರು, ಬದು ಕಟ್ಟುವವರು, ಕಾಡುಗಿಡ ಸವರುವವರು. 2023ರ ಜನವರಿ 1ರಿಂದ ಇವರ ಹಾಜರಾತಿ ಎನ್‌ಎಂಎಂಎಸ್ ಎಂಬ ಆ್ಯಪ್‌ನಲ್ಲೇ ಆಗಬೇಕು ಎಂದು ದೆಹಲಿ ವಿಧಿಸಿತು. ಬೆಳಿಗ್ಗೆ ಒಂದು ಫೋಟೊ, ಮಧ್ಯಾಹ್ನ ಒಂದು ಫೋಟೊ, ಸ್ಥಳದ ಗುರುತು ಸಮೇತ. ರೇಂಜ್ ಇಲ್ಲದ ಕಣಿವೆಯಲ್ಲಿ ಹಾಜರಾತಿ ತೆಗೆಯುವ ಮೇಟ್ ಫೋನು ಎತ್ತಿ ಹಿಡಿದು ಗುಡ್ಡ ಹತ್ತಬೇಕಿತ್ತು. ಫೋಟೊ ಹೋಗದಿದ್ದರೆ ಕೂಲಿಯೂ ಇಲ್ಲ.

ಇದೂ ಮೈ ಬಗ್ಗಿಸಿದ್ದನ್ನು ಲೆಕ್ಕ ಇಡುವ ತಂತ್ರಾಂಶವೇ ತಾನೆ? ಇದನ್ನು ಬಳಸಲು ಹಿರಿಯರಿಗೆ ಮನಸ್ಸಿದೆಯೇ ಎಂದು ಯಾವ ಪ್ರಶ್ನಾವಳಿಯೂ ಬರಲಿಲ್ಲ. ಒಂದರಿಂದ ಐದರೊಳಗೆ ಅಂಕ ಕೊಡಿ ಎಂದು ಯಾರೂ ಅನ್ನಲಿಲ್ಲ.

ಇಷ್ಟು ಬಿಗಿ ಮಾಡಿದ ಆ್ಯಪ್ ಏನು ಹಿಡಿಯಿತು? 2025ರ ಜುಲೈನಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಸುತ್ತೋಲೆ ಬರೆಯಿತು. ಸಂಬಂಧವೇ ಇಲ್ಲದ ಚಿತ್ರಗಳನ್ನು ಹಾಕುತ್ತಿದ್ದಾರಂತೆ. ಹಳೆಯ ಫೋಟೊದ ಫೋಟೊ ತೆಗೆದು ಹಾಕುತ್ತಿದ್ದಾರಂತೆ. ಪಟ್ಟಿಯಲ್ಲಿ ಹೆಂಗಸರು, ಚಿತ್ರದಲ್ಲಿ ಗಂಡಸರಂತೆ. ಕಳ್ಳನಿಗೆ ಆ್ಯಪ್ ಸಲೀಸಾಗಿ ಒಗ್ಗಿತು. ಸಿಕ್ಕಿಬಿದ್ದದ್ದು ರೇಂಜ್ ಹುಡುಕಿಕೊಂಡು ಗುಡ್ಡ ಹತ್ತಿದವಳು.

ಇನ್ನು ಪಿಂಚಣಿ. ಕೇರಳದ ಸಾಮಾಜಿಕ ಭದ್ರತಾ ಪಿಂಚಣಿ 1,600 ರೂಪಾಯಿ ಇತ್ತು. 2025ರ ನವೆಂಬರಿನಿಂದ 2,000. ಅದನ್ನು ಪಡೆಯಲು ವರ್ಷಕ್ಕೊಮ್ಮೆ ‘ಮಸ್ಟರಿಂಗ್’. ಸರ್ಕಾರದ ‘ಅಕ್ಷಯ’ ಸೇವಾ ಕೇಂದ್ರಕ್ಕೆ ಹೋಗಿ, ಬೆರಳು ಒತ್ತಿ, ತಾನು ಸತ್ತಿಲ್ಲವೆಂದು ಸಾಬೀತು ಮಾಡಬೇಕು. ಮೇಪ್ಪಾಡಿಯ ತೋಟದಲ್ಲಿ ಬಾಳಿಡೀ ಚಹಾ ಚಿಗುರು ಚಿವುಟಿದ ಬೆರಳಲ್ಲಿ ರೇಖೆ ಉಳಿದಿರುತ್ತದೆಯೇ? ಯಂತ್ರ ‘ಇಲ್ಲ’ ಅನ್ನುತ್ತದೆ. ಬೆರಳು ಸವೆಯುವಂತೆ ದುಡಿದದ್ದೇ ತಪ್ಪು ಎಂಬಂತೆ ಅಜ್ಜಿ ಇನ್ನೊಂದು ಕಾಗದಕ್ಕಾಗಿ ಅಲೆಯಬೇಕು.

ಸರ್ಕಾರಿ ನಿವೃತ್ತರಿಗೆ ಕೇಂದ್ರದವರು ಮುಖ ನೋಡಿ ಗುರುತಿಸುವ ವ್ಯವಸ್ಥೆ ತಂದಿದ್ದಾರೆ. ಫೋನಿನ ಎದುರು ಕೂತು ಕಣ್ಣು ಮಿಟುಕಿಸಬೇಕು. ಮಿಟುಕಿಸಿದರೆ ಬದುಕಿದ್ದೀರಿ, ಇಲ್ಲದಿದ್ದರೆ ಇಲ್ಲ. ಲಕ್ಷಾಂತರ ವೃದ್ಧರು ಚಕಾರವೆತ್ತದೆ ಮಾಡುವ ಡಿಜಿಟಲ್ ವ್ಯಾಯಾಮ ಸದ್ಯಕ್ಕೆ ಈ ರೆಪ್ಪೆ ಬಡಿಯುವುದೊಂದೇ. ಅದನ್ನಾದರೂ ಫಿಟ್‌ನೆಸ್ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದಿತ್ತು.

ಈಗ ಹಿರಿಯರ ಒಳ್ಳೆಯದಕ್ಕಾಗಿಯೇ ಬಂದ ಆ್ಯಪ್‌ಗಳ ಕಡೆ ಬನ್ನಿ.

2021ರ ಜೂನ್ 21. ಅಂತರರಾಷ್ಟ್ರೀಯ ಯೋಗ ದಿನ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ನಮ್ಮ ಆಯುಷ್ ಸಚಿವಾಲಯ ಕೂಡಿ ‘ಎಂಯೋಗ’ ಎಂಬ ಆ್ಯಪ್ ತಂದವು. ಪ್ರಧಾನಿಗಳೇ ಪ್ರಕಟಿಸಿದರು. ಅದು ಯಾರಿಗೆ? ಹನ್ನೆರಡರಿಂದ ಅರವತ್ತೈದು ವರ್ಷದವರಿಗೆ. ಹಾಗೆಂದು ಅವರೇ ಬರೆದುಕೊಂಡಿದ್ದಾರೆ. ಅರವತ್ತಾರಕ್ಕೆ ಕಾಲಿಟ್ಟಿರೋ, ಮನೆಗೆ ನಡೆಯಿರಿ. ಅದೇ ವರ್ಷ ಅದೇ ವಿಶ್ವ ಆರೋಗ್ಯ ಸಂಸ್ಥೆಯ ಮುಂದಾಳತ್ವದಲ್ಲಿ ‘ಆರೋಗ್ಯಕರ ವೃದ್ಧಾಪ್ಯದ ದಶಕ’ವೂ ಆರಂಭವಾಗಿತ್ತು. ಎಡಗೈ ದಶಕ ಉದ್ಘಾಟಿಸುತ್ತಿತ್ತು, ಬಲಗೈ ವೃದ್ಧರನ್ನು ಗೇಟಿನಾಚೆ ನಿಲ್ಲಿಸುತ್ತಿತ್ತು.

ಭಾಷೆ ಯಾವುದು? ಇಂಗ್ಲಿಷ್, ಹಿಂದಿ, ಫ್ರೆಂಚ್. ಫ್ರೆಂಚ್ ಯಾರಿಗೋ ತಿಳಿಯದು. ವಯನಾಡಿನ ಘಟ್ಟ ಇಳಿದರೆ ಮಾಹೆ ಇದೆ, ಅಲ್ಲಿನ ಹಳೇ ಫ್ರೆಂಚ್ ಪಿಂಚಣಿದಾರರಿಗೆ ಇರಬೇಕು. ಮಲಯಾಳ ಇಲ್ಲ, ಕನ್ನಡ ಇಲ್ಲ.

ಎರಡು ತಿಂಗಳ ಬಳಿಕ, ಆಗಸ್ಟ್ 29ಕ್ಕೆ, ಫಿಟ್ ಇಂಡಿಯಾ ಆ್ಯಪ್ ಬಂತು. ಕ್ರೀಡಾ ಸಚಿವರಾಗಿದ್ದ ಅನುರಾಗ್ ಠಾಕೂರ್ ಅಲ್ಲೇ ಹಗ್ಗ ಜಿಗಿದು ತೋರಿಸಿದರು. ಚೆನ್ನಾಗಿಯೇ ಜಿಗಿದರು, ಅದರಲ್ಲಿ ಎರಡು ಮಾತಿಲ್ಲ. ಆ್ಯಪ್ ಬಂದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಇಡೀ ಇಂಡಿಯಾ ಫಿಟ್ ಆಗಲಿ, ವಿಂಧ್ಯದ ಕೆಳಗಿನವರು ಸ್ವಲ್ಪ ಕಾಯಲಿ.

ವಯನಾಡಿನ ಕಾಟ್ಟುನಾಯ್ಕರು ನಮ್ಮ ಎಚ್.ಡಿ. ಕೋಟೆ ಕಡೆಯ ಜೇನುಕುರುಬರ ಬಳಗದವರು. ಬೆಟ್ಟಕುರುಬರೂ ಅಲ್ಲಿದ್ದಾರೆ. ಅವರಾಡುವ ಮಾತು ಕನ್ನಡಕ್ಕೆ ಹತ್ತಿರ. ಹಳೆಯ ಜೈನ ಮನೆತನಗಳ ಮೂಲವೂ ಕನ್ನಡ ನಾಡೇ. ಇವರಲ್ಲಿ ಎಪ್ಪತ್ತು ದಾಟಿದ ಹೆಂಗಸಿಗೆ ನಮ್ಮ ತಂತ್ರಾಂಶ ಇಂಗ್ಲಿಷಿನಲ್ಲಿ ‘ಕೋರ್ ಎಂಗೇಜ್ ಮಾಡಿ’ ಅನ್ನುತ್ತದೆ. ಆಕೆ ಸುಮ್ಮನಿದ್ದರೆ, ಮನಸ್ಸಿಲ್ಲ ಎಂದು ಬರೆದುಕೊಳ್ಳುತ್ತದೆ.

ಸ್ಕ್ವಾಟ್ ಎಂದರೆ ನಮ್ಮ ಬಸ್ಕಿ. ನಾಲ್ಕನೇ ತರಗತಿಯಲ್ಲಿ ಮೇಷ್ಟ್ರು ಪುಕ್ಕಟೆ ಹೊಡೆಸುತ್ತಿದ್ದರು. ಈಗ ಮೊದಲ ವಾರ ಉಚಿತ, ಆಮೇಲೆ ತಿಂಗಳಿಗಿಷ್ಟು ದುಡ್ಡು ತಾನಾಗಿ ಕಟ್ ಆಗುತ್ತದೆ. ಮೂಳೆ ಡಾಕ್ಟರು ‘ಕುಕ್ಕರಗಾಲಲ್ಲಿ ಕೂರಬೇಡಿ, ಮಂಡಿ ಹೋಗುತ್ತೆ’ ಎಂದು ಕಮೋಡು ಹಾಕಿಸಿದ ಮನೆಯಲ್ಲೇ ಆ್ಯಪ್ ಬಂದು ‘ಇಪ್ಪತ್ತು ಸಲ ಕೂತೇಳಿ’ ಅನ್ನುತ್ತದೆ. ಮುದುಕರು ಯಾರ ಮಾತು ಕೇಳಬೇಕು? ಡಾಕ್ಟರಿಗೆ ಮುಖವಾದರೂ ಇದೆ.

ಇನ್ನೊಂದು ಚೆಂದ ನೋಡಿ. ಕೆಲವು ಕಾಲ ಯಾರಿಗೆ ಫೋನು ಮಾಡಿದರೂ ಮೊದಲು ಸರ್ಕಾರದ ಉಪದೇಶ ಕೇಳಬೇಕಿತ್ತು. ಅಮಿತಾಭ್ ಬಚ್ಚನ್ ದನಿಯಲ್ಲೂ ಬಂತು. ಗೊತ್ತಿಲ್ಲದ ಲಿಂಕ್ ಒತ್ತಬೇಡಿ. ಒಟಿಪಿ ಕೊಡಬೇಡಿ. ಅಪರಿಚಿತರನ್ನು ನಂಬಬೇಡಿ. ಅವಸರಕ್ಕೆ ಫೋನು ಮಾಡಲು ಹೊರಟವನೂ ಅದನ್ನು ಕೇಳಿಸಿಕೊಂಡೇ ಮುಂದೆ ಹೋಗಬೇಕಿತ್ತು. ನಿವೃತ್ತರನ್ನು ವಿಡಿಯೊ ಕಾಲ್‌ನಲ್ಲಿ ‘ಡಿಜಿಟಲ್ ಅರೆಸ್ಟ್’ ಮಾಡಿ ಬಾಳಿನ ಉಳಿತಾಯ ದೋಚಿದ ಸುದ್ದಿ ವಾರಕ್ಕೊಂದು.

ಹಿರಿಯರು ಉಪದೇಶವನ್ನು ಶ್ರದ್ಧೆಯಿಂದ ಕೇಳಿದರು. ಆಗ ವ್ಯಾಯಾಮದ ಆ್ಯಪ್ ಬಾಗಿಲು ಬಡಿಯಿತು. ನೀವೆಲ್ಲಿದ್ದೀರಿ ನೋಡಬಹುದೇ? ನಿಮ್ಮ ಕಾಂಟ್ಯಾಕ್ಟ್ಸ್ ನೋಡಬಹುದೇ? ಕ್ಯಾಮೆರಾ ತೆರೆಯಲೇ? ಎತ್ತರ, ತೂಕ, ಹುಟ್ಟಿದ ತಾರೀಖು ಹೇಳಿ. ಒಟಿಪಿ ಬಂದಿದೆ, ಕೊಡಿ. ಮುದುಕರು ‘ಬೇಡ’ ಒತ್ತಿದರು. ಬ್ಯಾಂಕಿನವರ ಪುಸ್ತಕದಲ್ಲಿ ಇದು ಜಾಣತನ. ಸಂಶೋಧಕರ ಕೋಷ್ಟಕದಲ್ಲಿ ಇದೇ ‘ತಂತ್ರಜ್ಞಾನದ ಭಯ’.

ಹಾಗಂತ ಮುದುಕರು ಫೋನಿಗೆ ಹೆದರುತ್ತಾರೆಂದು ಯಾರು ಹೇಳಿದ್ದು? ಬೆಳಗಿನ ಜಾವ ಐದಕ್ಕೆ ಗುಲಾಬಿ ಹೂವಿನ ಶುಭೋದಯ ಕಳಿಸುವವರು ಯಾರು? ಧಾರಾವಾಹಿಯ ತಪ್ಪಿದ ಕಂತನ್ನು ಹುಡುಕಿ ನೋಡುವವರು ಯಾರು? ದುಬೈಯಲ್ಲಿರುವ ಮೊಮ್ಮಗಳ ಹಲ್ಲು ಎಣಿಸುವವರು ಯಾರು? ಬೇಕಾದ್ದನ್ನು ಅವರು ಕಲಿತಿದ್ದಾರೆ. ಬೇಡದ್ದನ್ನು ಬಿಟ್ಟಿದ್ದಾರೆ. ಜನವರಿ 1ಕ್ಕೆ ಹಾಕಿಕೊಂಡ ಫಿಟ್‌ನೆಸ್ ಆ್ಯಪನ್ನು ಸಂಕ್ರಾಂತಿಯೊಳಗೆ ಮರೆಯುವ ಮಗನಿಗೆ ಮಾತ್ರ ಮನಸ್ಸಿಲ್ಲ ಎಂದು ಯಾರೂ ಅನ್ನುವುದಿಲ್ಲ. ಅವನು ಬ್ಯುಸಿ.

ನಡಿಗೆಯ ವಿಷಯಕ್ಕೆ ಬರೋಣ. ದಿನಕ್ಕೆ 10,000 ಹೆಜ್ಜೆ. ಈ ಸಂಖ್ಯೆಯನ್ನು ಯಾವ ವೈದ್ಯಕೀಯ ಪರಿಷತ್ತು ಹೇಳಿತು? ಯಾವುದೂ ಇಲ್ಲ. 1965ರ ಸುಮಾರಿಗೆ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟುಕೊಂಡ ದುಂಡು ಸಂಖ್ಯೆ ಅದು. ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ 16,741 ಹೆಂಗಸರ ಹೆಜ್ಜೆ ಎಣಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲೇ ಸಾವು ಗಣನೀಯವಾಗಿ ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಆದರೂ ಅಜ್ಜನ ಕೈಗೆ ಕಟ್ಟಿದ ಗಡಿಯಾರ ರಾತ್ರಿ ಒಂಬತ್ತಕ್ಕೆ ಗುರ್ ಅನ್ನುತ್ತದೆ, ಇನ್ನೂ ನಾಲ್ಕು ಸಾವಿರ ಬಾಕಿ ಎಂದು. ಬಡ್ಡಿ ಸಾಲದವನೂ ಅಷ್ಟು ಹೊತ್ತಿನಲ್ಲಿ ಬರುವುದಿಲ್ಲ.

ಅದು ಎಣಿಸುವುದಾದರೂ ನೆಟ್ಟಗೆ ಎಣಿಸುತ್ತದೆಯೇ? ಕೈಗಡಿಯಾರ ಲೆಕ್ಕ ಹಾಕುವುದು ಕೈ ಬೀಸಿದ್ದನ್ನು ನೋಡಿ. ನಿಧಾನಕ್ಕೆ ಕಾಲೆಳೆದು ನಡೆದರೆ ಹೆಜ್ಜೆ ತಪ್ಪಿಸುತ್ತದೆ. ಊರುಗೋಲು, ವಾಕರ್ ಹಿಡಿದರೆ ಇನ್ನೂ ತಪ್ಪಿಸುತ್ತದೆ. ತಲೆಯ ಮೇಲಿನ ಸೌದೆ ಹೊರೆಯನ್ನು ಎರಡೂ ಕೈಯಲ್ಲಿ ಹಿಡಿದು ಏರು ಹತ್ತುವವಳ ನಡಿಗೆ ಅದಕ್ಕೆ ಅರ್ಧಂಬರ್ಧ ಕಾಣುತ್ತದೆ. ಹಿರಿಯರಿಗೆಂದೇ ಮಾರುವ ಯಂತ್ರ, ಹಿರಿಯರಂತೆ ನಡೆದರೆ ಕಣ್ಣು ಮುಚ್ಚಿಕೊಳ್ಳುತ್ತದೆ.

ಆದರೂ ಆ್ಯಪ್ ಬಿಡುವುದಿಲ್ಲ. ಮುಂಜಾನೆ ಆರಕ್ಕೆ ಚುರುಕಾಗಿ ನಡೆಯಿರಿ, ಪ್ರಕೃತಿಯ ಮಡಿಲಲ್ಲಿ, ಅನ್ನುತ್ತದೆ. ವಯನಾಡಿನಲ್ಲಿ ಪ್ರಕೃತಿಯೂ ಆರಕ್ಕೇ ನಡೆಯಲು ಹೊರಡುತ್ತದೆ. ಅದಕ್ಕೆ ಸೊಂಡಿಲಿರುತ್ತದೆ.

2024ರ ಫೆಬ್ರುವರಿ 10ರ ಬೆಳಿಗ್ಗೆ ಮಾನಂತವಾಡಿಯ ಬಳಿಯ ಪಡಮಲದಲ್ಲಿ ಕಾಡಾನೆಯೊಂದು ಮನೆಯಂಗಳಕ್ಕೇ ನುಗ್ಗಿ ಒಬ್ಬರನ್ನು ಕೊಂದಿತು. ಆ ಆನೆ ನಮ್ಮದೇ, ಬೇಲೂರು ಮಖ್ನಾ. ಕರ್ನಾಟಕದ ಅರಣ್ಯ ಇಲಾಖೆ ಹಿಡಿದು, ಕುತ್ತಿಗೆಗೆ ರೇಡಿಯೊ ಕಾಲರ್ ಕಟ್ಟಿ ಕಾಡಿಗೆ ಬಿಟ್ಟಿದ್ದ ಆನೆ. ಅದರ ಪ್ರತಿ ಹೆಜ್ಜೆಯೂ ದಾಖಲಾಗುತ್ತಿತ್ತು. ಉಪಗ್ರಹಕ್ಕೆ ಗೊತ್ತಿತ್ತು, ಸರ್ವರ್‌ಗೆ ಗೊತ್ತಿತ್ತು. ಸತ್ತವರಿಗೆ ಮಾತ್ರ ಗೊತ್ತಿರಲಿಲ್ಲ. ಸಿಗ್ನಲ್ ಮಾಹಿತಿ ಯಾರು ಯಾರಿಗೆ ಯಾವಾಗ ಕೊಟ್ಟರು ಎಂದು ಆಮೇಲೆ ಎರಡು ರಾಜ್ಯಗಳು ಕಿತ್ತಾಡಿದವು. 2025ರ ಜನವರಿಯಲ್ಲಿ ಅದೇ ಮಾನಂತವಾಡಿಯ ಪಂಚಾರಕೊಲ್ಲಿಯಲ್ಲಿ ಕಾಫಿ ಕೊಯ್ಯಲು ಹೋದ ಹೆಂಗಸನ್ನು ಹುಲಿ ಕೊಂದಿತು.

ಆನೆಯ ಹೆಜ್ಜೆ ಎಣಿಸಿಯೂ ಒಬ್ಬನ ಪ್ರಾಣ ಉಳಿಸಲಾಗದ ವ್ಯವಸ್ಥೆ ಈಗ ಅಜ್ಜನ ಹೆಜ್ಜೆ ಎಣಿಸಲು ಹೊರಟಿದೆ. ಅಜ್ಜ ಬಾಗಿಲು ಹಾಕಿಕೊಂಡು ಒಳಗೆ ಕೂತರೆ ಅವನ ಮೇಲೊಂದು ಪ್ರಬಂಧ. ವಿಷಯ: ಪ್ರೇರಣೆಯ ಕೊರತೆ.

ಪೇಟೆಯವರಿಗೆ ಆನೆ ಇಲ್ಲವಲ್ಲ ಅನ್ನಬೇಡಿ. ಅವರಿಗೆ ಫುಟ್‌ಪಾತ್ ಇಲ್ಲ. ಇದ್ದರೆ ಅದರ ಮೇಲೆ ಬೈಕು. ಬೈಕು ಇಲ್ಲದಿದ್ದರೆ ಚಪ್ಪಡಿಯೇ ಇಲ್ಲ, ಕೆಳಗೆ ಚರಂಡಿ. ಎಪ್ಪತ್ತೈದರಲ್ಲಿ ಬಿದ್ದು ಸೊಂಟ ಮುರಿದರೆ ಹಾಸಿಗೆ ಹಿಡಿದಂತೆಯೇ ಎಂದು ಎಲ್ಲ ಮನೆಯಲ್ಲೂ ಗೊತ್ತು. ಪಂಚಾಯಿತಿಗೆ, ಪಾಲಿಕೆಗೆ ಮಾತ್ರ ಗೊತ್ತಿಲ್ಲ. ಅವರು ಪಾರ್ಕಿನ ಮೂಲೆಯಲ್ಲಿ ಓಪನ್ ಜಿಮ್ ಹಾಕಿಸಿ, ಶಾಸಕರ ಹೆಸರಿನ ಹಲಗೆ ಹೊಡೆದು ಹೋಗಿದ್ದಾರೆ. ಯಂತ್ರ ತುಕ್ಕು ಹಿಡಿದಿದೆ, ಹಲಗೆ ಹೊಳೆಯುತ್ತಿದೆ.

ಇಲ್ಲಿ ಒಬ್ಬರು ಎದ್ದು ನಿಲ್ಲುತ್ತಾರೆ. ಹಳೇ ಕಾಲದ ಭಕ್ತರು. ಹಳ್ಳಿಯವರಿಗೆ ವ್ಯಾಯಾಮ ಯಾಕೆ ಸ್ವಾಮಿ, ದುಡಿಮೆಯೇ ವ್ಯಾಯಾಮ, ಒರಳುಕಲ್ಲೇ ಜಿಮ್ಮು! ಇವರ ಮನೆಯಲ್ಲಿ ಮಿಕ್ಸಿ ಇದೆ. ಒರಳು ತಿರುವಿದವರ ಭುಜ ಏನಾಯಿತು, ಗುದ್ದಲಿ ಹಿಡಿದವರ ಬೆನ್ನು ಏನಾಯಿತು ಎಂದು ಇವರು ವಿಚಾರಿಸಿದವರಲ್ಲ. ಹೊಟ್ಟೆಪಾಡಿಗೆ ಮೈ ಸವೆಸುವುದು ಬೇರೆ, ಮೈ ಗಟ್ಟಿ ಮಾಡಿಕೊಳ್ಳುವುದು ಬೇರೆ. ದುಡಿಮೆಯ ಭಾರದಿಂದ ಬಿಡುವಿನ ವ್ಯಾಯಾಮದ ಲಾಭ ಸಿಗುವುದಿಲ್ಲ ಎಂದು ಕೆಲವು ಸಂಶೋಧನೆಗಳೂ ಹೇಳುತ್ತಿವೆ. ಅರವತ್ತೈದು ದಾಟಿದವರಿಗೆ ವಾರಕ್ಕೆ 150 ನಿಮಿಷವಾದರೂ ಮಧ್ಯಮ ವ್ಯಾಯಾಮ, ಜೊತೆಗೆ ವಾರದಲ್ಲಿ ಮೂರು ದಿನ ಸಮತೋಲನ ಮತ್ತು ಬಲದ ಅಭ್ಯಾಸ ಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆ. ತೋಟದ ಹೆಂಗಸಿಗೂ ಬೇಕು. ಆಕೆಗೇ ಹೆಚ್ಚು ಬೇಕು. ಅದನ್ನು ಪಕ್ಕ ನಿಂತು ಕಲಿಸಲು ಒಬ್ಬ ಫಿಸಿಯೋಥೆರಪಿಸ್ಟ್ ಬೇಕು. ಅವನಿಗೆ ಸಂಬಳ ಕೊಡಬೇಕು. ಆ್ಯಪ್‌ಗೆ ಸಂಬಳ ಬೇಡ. ಎಲ್ಲ ಪ್ರೀತಿಯೂ ಹುಟ್ಟಿದ್ದು ಅಲ್ಲಿಂದ.

ಮಕ್ಕಳ ಲೆಕ್ಕವೂ ಅದೇ. ವೈಟ್‌ಫೀಲ್ಡಿನ ಮಗ, ಕಲ್ಪೆಟ್ಟದ ಅಮ್ಮ. ಇಂಥ ಮನೆಗಳು ನಿಮಗೂ ಗೊತ್ತು.

‘ಅಮ್ಮಾ, ಇವತ್ತು ಎಷ್ಟು ಸ್ಟೆಪ್ಸ್?’

‘ಎರಡು ಸಾವಿರ ಚಿಲ್ಲರೆ ಕಣೋ.’

‘ಅಷ್ಟೇನಾ? ಸ್ಟ್ರೀಕ್ ಮುರಿದು ಹೋಗುತ್ತಲ್ಲಮ್ಮ.’

‘ಒಬ್ಬಳೇ ಎಲ್ಲೀಂತ ನಡೀಲಿ? ನೀನು ಯಾವಾಗ ಬರ್ತೀಯ?’

‘ರೇಂಜ್ ಇಲ್ಲಮ್ಮ, ಏನೂ ಕೇಳ್ತಿಲ್ಲ.’

ಅದೇ ಮಗ ಮುಂದಿನ ಶನಿವಾರ ವಯನಾಡಿಗೇ ಬರುತ್ತಾನೆ. ಆಫೀಸಿನವರ ಜೊತೆ, ರೆಸಾರ್ಟಿಗೆ. ಎಡಕ್ಕಲ್ ಗುಹೆ ಹತ್ತಿ, ಬೆವರಿದ ಗಡಿಯಾರದ ಚಿತ್ರ ಹಾಕುತ್ತಾನೆ. ಅಮ್ಮ ಅದಕ್ಕೊಂದು ಲೈಕ್ ಒತ್ತುತ್ತಾಳೆ. ತಂತ್ರಜ್ಞಾನ ಒಪ್ಪಿಕೊಳ್ಳುವುದು ಎಂದರೆ ಇನ್ನೇನು?

ಇಷ್ಟೆಲ್ಲ ಆದ ಮೇಲೂ ಹಿರಿಯರಿಗೆ ವ್ಯಾಯಾಮಕ್ಕೇ ಮನಸ್ಸಿಲ್ಲ ಎಂದು ನೀವು ನಂಬಿದ್ದರೆ, ಘಟ್ಟದ ಕೆಳಗೆ ಆದದ್ದು ಕೇಳಿ.

ಮಲಪ್ಪುರಂ ಜಿಲ್ಲೆಯ ಕೊಂಡೋಟ್ಟಿಯಲ್ಲಿ ಅರೆಸೇನಾ ಪಡೆಯಿಂದ ನಿವೃತ್ತರಾದ ಪಿ. ಸಲಾಹುದ್ದೀನ್ ಎಂಬವರು 2012ರಲ್ಲಿ ಒಂದು ಬೆಳಗಿನ ವ್ಯಾಯಾಮ ಕೂಟ ಶುರು ಮಾಡಿದರು. ಹೆಸರು ಮೆಕ್ ಸೆವೆನ್. ಏಳು ಬಗೆ, ಇಪ್ಪತ್ತೊಂದು ವ್ಯಾಯಾಮ, ಇಪ್ಪತ್ತೊಂದು ನಿಮಿಷ. ಸ್ವಲ್ಪ ಏರೋಬಿಕ್ಸ್, ಸ್ವಲ್ಪ ಯೋಗ, ಸ್ವಲ್ಪ ಉಸಿರಾಟ. ಶುಲ್ಕವಿಲ್ಲ, ಲಾಗಿನ್ ಇಲ್ಲ, ಒಟಿಪಿ ಇಲ್ಲ. ಶಾಲೆಯ ಮೈದಾನವೋ ಬಯಲೋ ಸಿಕ್ಕರೆ ಸಾಕು. ಮುಂದೆ ಅದು ಮಲಬಾರಿನ ಉದ್ದಗಲ ಹಬ್ಬಿತು. ಬೆಳಗಾಗುವ ಮುಂಚೆ ಲುಂಗಿ ಬಿಟ್ಟು ಪ್ಯಾಂಟು ತೊಟ್ಟ ಅಜ್ಜಂದಿರು, ಪರ್ದಾ ತೊಟ್ಟ ಅಜ್ಜಿಯರು ಸಾಲಾಗಿ ನಿಂತು ಕೈ ಎತ್ತಿದರು. ಯಾವ ಸಂಶೋಧಕನೂ ಕಂಡಿರದಷ್ಟು ಮನಸ್ಸು.

ಆಗ ನಾಡಿನ ಹಿತಚಿಂತಕರು ಎಚ್ಚೆತ್ತರು. 2024ರ ಕೊನೆಯಲ್ಲಿ ಸಿಪಿಎಂನ ಕಲ್ಲಿಕೋಟೆ ಜಿಲ್ಲಾ ಕಾರ್ಯದರ್ಶಿ ಪಿ. ಮೋಹನನ್ ಅವರಿಗೆ ಈ ಕೂಟಗಳ ಹಿಂದೆ ಮತೀಯ ಸಂಘಟನೆಗಳ ನೆರಳು ಕಂಡಿತು. ಟೀವಿಗಳಲ್ಲಿ ಚರ್ಚೆ. ಬೆವರು ಒರೆಸಿಕೊಳ್ಳುತ್ತಿದ್ದವರ ಬಾಯಿಗೆ ಮೈಕು. ತಾನು ಆ ಕೂಟವನ್ನೇ ದೂರಿದ್ದಲ್ಲ ಎಂದು ಆಮೇಲೆ ಮೋಹನನ್ ಸ್ಪಷ್ಟನೆ ಕೊಟ್ಟರು. ಅಷ್ಟರಲ್ಲಿ ಧರ್ಮದ ಹಿರಿಯರೊಬ್ಬರಿಗೆ ಬೇರೆ ಚಿಂತೆ ಹತ್ತಿತು. ಹೆಂಗಸರು ಗಂಡಸರ ಜೊತೆ ಮೈದಾನದಲ್ಲಿ ವ್ಯಾಯಾಮ ಮಾಡಬಹುದೇ? ಬಲಕ್ಕೆ ಪಿತೂರಿ ಕಂಡಿತು, ಎಡಕ್ಕೂ ಪಿತೂರಿ ಕಂಡಿತು, ಮೌಲವಿಗೆ ಪಾಪ ಕಂಡಿತು. ಅಜ್ಜನ ಸಕ್ಕರೆ ಕಾಯಿಲೆ ಯಾರಿಗೂ ಕಾಣಲಿಲ್ಲ.

ಕೋಣೆಯಲ್ಲಿ ಒಬ್ಬನೇ ಫೋನಿನ ಎದುರು ಕೈ ಎತ್ತಿದರೆ ಡಿಜಿಟಲ್ ಕ್ರಾಂತಿ. ಬಯಲಲ್ಲಿ ಐವತ್ತು ಮಂದಿ ಕೂಡಿ ಎತ್ತಿದರೆ ತನಿಖೆ.

ಇನ್ನು ಆ ಬಯಲಿಗೂ ಒಂದು ಹಾಜರಾತಿ ಆ್ಯಪ್ ತಂದು, ಕೈ ಎತ್ತುವ ಮುಂಚೆ ಒಂದು, ಇಳಿಸಿದ ಮೇಲೆ ಒಂದು ಫೋಟೊ ಕಡ್ಡಾಯ ಮಾಡುವುದಷ್ಟೇ ಬಾಕಿ. ತರುತ್ತಾರೆ. ಟೆಂಡರ್ ಕರೆದಾಗ ವೈಟ್‌ಫೀಲ್ಡಿನ ಮಗನಿಗೆ ಯಾರಾದರೂ ತಿಳಿಸಿ.